ಬರೆದ ಕ್ರಮ ಒಂದು, ಕಾಣುವ ಕ್ರಮ ಇನ್ನೊಂದು: ಕರ್ನಲ್ ಕೋಡಿನಲ್ಲಿ ಮೆಮೊರಿ ಬ್ಯಾರಿಯರ್

ಪುಣೆಯ ಹಿಂಜವಡಿ, ಖರಾಡಿ, ಬಾಣೇರ್ ಕಡೆ ಸಾಫ್ಟ್‌ವೇರ್ ಕೆಲಸ ಮಾಡುವ ಕನ್ನಡದವರು ನಾಲ್ಕು ಜನ ಸೇರಿದರೆ ಈಗೀಗ ಒಂದು ಮಾತು ಬರುತ್ತದೆ. "ಇಂಟೆಲ್ ಮ್ಯಾಲೆ ವರ್ಷಗಟ್ಟಲೆ ಓಡಿದ ಕೋಡ್ ಇದು. ಆರ್ಮ್ ಸರ್ವರಿಗೆ ಹಾಕಿದ ಮ್ಯಾಲೆ ವಾರಕ್ಕೊಮ್ಮೆ ಬೀಳಾಕತ್ತೈತಿ. ಒಂದು ಸಾಲೂ ಬದಲ್ ಮಾಡಿಲ್ಲ." ಹೇಳುವವರು ಬೆಳಗಾವಿಯವರಿರಬಹುದು, ಹುಬ್ಬಳ್ಳಿಯವರಿರಬಹುದು. ದೂರು ಒಂದೇ.

ಇದು ಈಗಲೇ ಏಕೆ ಬಂತು? ಬಹಳ ವರ್ಷ ಸರ್ವರ್ ಎಂದರೆ ಇಂಟೆಲ್ ಅಥವಾ ಎಎಂಡಿ ಅಂತಲೇ ಇತ್ತು. 2018ರಲ್ಲಿ ಅಮೆಜಾನ್ ತನ್ನ ಕ್ಲೌಡಿನಲ್ಲಿ ಗ್ರ್ಯಾವಿಟಾನ್ ಎಂಬ ಪ್ರೊಸೆಸರ್ ತಂದಿತು. ಅದು ಆರ್ಮ್ ಎಂಬ ಬೇರೆ ವಿನ್ಯಾಸದ್ದು. 2020ರ ನವೆಂಬರಿನಲ್ಲಿ ಆಪಲ್ ಎಂ1 ಚಿಪ್ ಇರುವ ಲ್ಯಾಪ್‌ಟಾಪ್ ತಂದಿತು. ಫೋನುಗಳಲ್ಲಿ ಮೊದಲಿನಿಂದಲೂ ಆರ್ಮ್ ಇತ್ತು, ಈಗ ಸರ್ವರ್ ಮತ್ತು ಲ್ಯಾಪ್‌ಟಾಪಿಗೂ ಬಂತು. ಹಳೆಯ ಕೋಡ್ ಹೊಸ ಜಾಗಕ್ಕೆ ಹೋಯಿತು. ಅದರ ಒಳಗೆ ಮೊದಲೇ ಇದ್ದ ಒಂದು ಬಗೆಯ ದೋಷ ಆಗ ಹೊರಗೆ ಕಂಡಿತು. ಆ ದೋಷಕ್ಕೆ ಮದ್ದು ಮೆಮೊರಿ ಬ್ಯಾರಿಯರ್, ಅಂದರೆ ಮೆಮೊರಿಗೆ ಬರೆಯುವ, ಓದುವ ಕ್ರಮ ತಪ್ಪದಂತೆ ಕೋಡಿನಲ್ಲಿ ಹಾಕುವ ತಡೆ. ಕರ್ನಲ್ ಕೋಡ್ ಎಂದೂ ಬರೆಯದವರಿಗೂ ಅರ್ಥವಾಗಲಿ ಎಂದು ಬುಡದಿಂದ ಶುರು ಮಾಡೋಣ.

## ಲಾಕ್ ತೆಗೆದರೆ ಜೊತೆಗೆ ಏನು ಹೋಗುತ್ತದೆ

ಆಪರೇಟಿಂಗ್ ಸಿಸ್ಟಮಿನ ನಡುಭಾಗವೇ ಕರ್ನಲ್. ಪ್ರೊಸೆಸರ್, ಮೆಮೊರಿ, ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಎಲ್ಲವನ್ನೂ ಹಂಚಿಕೊಡುವುದು ಅದರ ಕೆಲಸ. ಇಂದಿನ ಒಂದು ಪ್ರೊಸೆಸರಿನಲ್ಲಿ ಹಲವು ಕೋರ್‌ಗಳಿವೆ. ಪ್ರತಿ ಕೋರ್ ತಾನೇ ಒಂದು ಪುಟ್ಟ ಪ್ರೊಸೆಸರ್ ಇದ್ದ ಹಾಗೆ ಒಂದೇ ಸಮಯಕ್ಕೆ ತನ್ನ ಕೆಲಸ ಮಾಡುತ್ತಿರುತ್ತದೆ. ಮೆಮೊರಿ ಮಾತ್ರ ಎಲ್ಲರಿಗೂ ಒಂದೇ.

ಎರಡು ಕೋರ್‌ಗಳು ಒಂದೇ ಡೇಟಾ ಮುಟ್ಟಿದರೆ ಗೊಂದಲ ಆಗುತ್ತದೆ ಅಲ್ವಾ? ಅದಕ್ಕೆ ಸುಲಭ ದಾರಿ ಲಾಕ್. ಲಾಕ್ ಹಿಡಿದ ಕೋರ್ ಮಾತ್ರ ಡೇಟಾ ಮುಟ್ಟುತ್ತದೆ. ಉಳಿದವು ಕಾಯುತ್ತವೆ.

ಕಾಯುವುದಕ್ಕೆ ಬೆಲೆ ಇದೆ. ಲಾಕ್ ಕೂಡ ಮೆಮೊರಿಯಲ್ಲಿರುವ ಒಂದು ಜಾಗವೇ. ಹತ್ತಾರು ಕೋರ್‌ಗಳು ಅದನ್ನೇ ಬದಲಿಸಲು ಹೊರಟರೆ, ಆ ಜಾಗದ ನಕಲು ಒಂದು ಕೋರಿನ ಪಕ್ಕದ ಪುಟ್ಟ, ವೇಗದ ಮೆಮೊರಿಯಾದ ಕ್ಯಾಶ್‌ನಿಂದ ಇನ್ನೊಂದರ ಕ್ಯಾಶ್‌ಗೆ ಓಡಾಡುತ್ತಲೇ ಇರುತ್ತದೆ. ಕೆಲಸಕ್ಕಿಂತ ಓಡಾಟವೇ ಜಾಸ್ತಿಯಾಗುತ್ತದೆ. ಕರ್ನಲ್‌ನ ಕೆಲವು ಕಡೆ ನಿದ್ದೆ ಮಾಡಿ ಕಾಯಲು ಅವಕಾಶವೂ ಇಲ್ಲ. ನೆಟ್‌ವರ್ಕ್ ಕಾರ್ಡ್ ಇಂಟರಪ್ಟ್ ಕೊಟ್ಟಾಗ, ಅಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ಕಡೆ ನೋಡು ಎಂದು ಕರೆದಾಗ, ಓಡುವ ಕೋಡ್ ಅಂಥದ್ದು. ಹೀಗಾಗಿ ಪದೇ ಪದೇ ಓಡುವ ಜಾಗಗಳಲ್ಲಿ ಲಾಕ್ ಇಲ್ಲದೆ ಡೇಟಾ ಹಂಚಿಕೊಳ್ಳುವ ಕೋಡ್ ಬರೆಯುತ್ತಾರೆ. ಅದೇ ಲಾಕ್‌ಫ್ರೀ ಕೋಡ್.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಲಾಕ್ ಎರಡು ಕೆಲಸ ಮಾಡುತ್ತಿತ್ತು. ಒಂದು ಎಲ್ಲರಿಗೂ ಗೊತ್ತು: ಒಮ್ಮೆಗೆ ಒಬ್ಬರೇ. ಇನ್ನೊಂದು ಕಣ್ಣಿಗೆ ಕಾಣುತ್ತಿರಲಿಲ್ಲ: ಹಿಂದಿನವರು ಬರೆದದ್ದೆಲ್ಲ ಮುಂದಿನವರಿಗೆ ಪೂರ್ತಿಯಾಗಿ, ಸರಿಯಾದ ಕ್ರಮದಲ್ಲಿ ಕಾಣುವಂತೆ ನೋಡಿಕೊಳ್ಳುವುದು. ಲಾಕ್ ತೆಗೆದರೆ ಈ ಎರಡನೆಯದೂ ಹೋಗುತ್ತದೆ. ಅದನ್ನು ಕೋಡ್ ಬರೆಯುವವರೇ ಕೈಯಾರೆ ವಾಪಸ್ ತರಬೇಕು.

## ಕ್ರಮ ಬದಲಿಸುವವರು ಯಾರು

ನಾವು ಬರೆದ ಸಾಲುಗಳು ಬರೆದ ಕ್ರಮದಲ್ಲೇ ನಡೆಯುತ್ತವೆ ಎಂದು ಎಲ್ಲರೂ ನಂಬಿರುತ್ತೇವೆ. ಎಲ್ಲ ಕೋರ್‌ಗಳ ಕೆಲಸವೂ ಒಂದೇ ಸಾಲಿನಲ್ಲಿ ಹೆಣೆದುಕೊಂಡಂತೆ, ಪ್ರತಿ ಕೋರಿನ ಕ್ರಮ ಉಳಿದುಕೊಂಡು ನಡೆಯಬೇಕು ಎಂಬ ಈ ನಂಬಿಕೆಗೆ ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1979ರಲ್ಲಿ ಸೀಕ್ವೆನ್ಷಿಯಲ್ ಕನ್ಸಿಸ್ಟೆನ್ಸಿ ಎಂದು ಹೆಸರಿಟ್ಟರು. ಇಂಟೆಲ್, ಎಎಂಡಿ, ಆರ್ಮ್, ಐಬಿಎಂನ ಪವರ್ ಯಾವುದೂ ಇದನ್ನು ತಾನಾಗಿ ಕೊಡುವುದಿಲ್ಲ.

ಮೊದಲು ಕ್ರಮ ಬದಲಿಸುವುದು ಕಂಪೈಲರ್, ಅಂದರೆ ನಾವು ಬರೆದ ಕೋಡನ್ನು ಪ್ರೊಸೆಸರಿನ ಭಾಷೆಗೆ ತರುವ ಪ್ರೋಗ್ರಾಮ್. ಅದು ನೋಡುವುದು ಒಂದೇ ಎಳೆಯ ಕೋಡನ್ನು. ಎರಡು ಸಾಲುಗಳಿಗೆ ಸಂಬಂಧವಿಲ್ಲ ಎಂದು ಕಂಡರೆ ಹಿಂದೆಮುಂದೆ ಮಾಡುತ್ತದೆ. ಒಂದು ಫ್ಲ್ಯಾಗ್, ಅಂದರೆ 0 ಅಥವಾ 1 ಎಂಬ ಗುರುತು, ಬದಲಾಗುವವರೆಗೆ ಸುತ್ತುವ ಲೂಪ್ ಬರೆದಿದ್ದೀರಿ ಎನ್ನಿ. ಲೂಪಿನ ಒಳಗೆ ಆ ಫ್ಲ್ಯಾಗನ್ನು ಯಾರೂ ಬದಲಿಸುತ್ತಿಲ್ಲ. ಹಾಗಾಗಿ ಕಂಪೈಲರ್ ಅದನ್ನು ಒಮ್ಮೆ ಮಾತ್ರ ಓದಿ ಕೋರಿನ ಒಳಗಿನ ರಿಜಿಸ್ಟರಿನಲ್ಲಿ ಇಟ್ಟುಕೊಳ್ಳಬಹುದು. ಬೇರೆ ಕೋರ್ ಎಷ್ಟೇ ಬದಲಿಸಿದರೂ ಲೂಪ್ ಮುಗಿಯುವುದೇ ಇಲ್ಲ. ಸಿ ಭಾಷೆಯ ನಿಯಮದ ಪ್ರಕಾರ ಇದು ತಪ್ಪಲ್ಲ.

ಆಮೇಲೆ ಪ್ರೊಸೆಸರ್. ಮುಖ್ಯ ಮೆಮೊರಿಯಿಂದ ಒಂದು ಬೆಲೆ, ಅಂದರೆ ಅಲ್ಲಿ ಬರೆದಿಟ್ಟ ಸಂಖ್ಯೆ, ತರಲು ಸುಮಾರು 100 ನ್ಯಾನೊಸೆಕೆಂಡ್ ಹಿಡಿಯುತ್ತದೆ. 3 ಗಿಗಾಹರ್ಟ್ಸ್ ಕೋರಿಗೆ ಅದು 300 ಗಡಿಯಾರದ ಬಡಿತ. ಅಷ್ಟು ಹೊತ್ತು ಸುಮ್ನೆ ಕೂತರೆ ವೇಗ ಎಲ್ಲಿಂದ ಬರಬೇಕು? ಅದಕ್ಕೆ ಕೋರ್ ತಾನು ಬರೆಯಬೇಕಾದ ಬೆಲೆಗಳನ್ನು ಸ್ಟೋರ್ ಬಫರ್ ಎಂಬ ಚಿಕ್ಕ ಜಾಗದಲ್ಲಿ ಇಟ್ಟು ಮುಂದಿನ ಕೆಲಸಕ್ಕೆ ಹೋಗುತ್ತದೆ. ಬಫರಿನಲ್ಲಿ ಇರುವುದು ಆ ಕೋರಿಗೆ ಕಾಣುತ್ತದೆ, ಬೇರೆ ಕೋರ್‌ಗಳಿಗೆ ಕಾಣುವುದಿಲ್ಲ.

ಕ್ಯಾಶ್ ಇದನ್ನು ಇನ್ನಷ್ಟು ಸಿಕ್ಕಾಗಿಸುತ್ತದೆ. ಮೆಮೊರಿ ಕ್ಯಾಶ್‌ಗೆ ಬರುವುದು ಸಾಮಾನ್ಯವಾಗಿ 64 ಬೈಟಿನ ತುಂಡುಗಳಲ್ಲಿ. ಒಂದು ತುಂಡು ನಮ್ಮ ಕೋರಿನ ಹತ್ತಿರವೇ ಇರಬಹುದು. ಇನ್ನೊಂದು ದೂರದ ಕೋರಿನ ಬಳಿ ಇರಬಹುದು. ಮೊದಲು ಬರೆದದ್ದು ದೂರದ ತುಂಡಿಗಾಗಿ ಕಾಯುತ್ತಿರುವಾಗ, ಆಮೇಲೆ ಬರೆದದ್ದು ಹತ್ತಿರದ ತುಂಡಿಗೆ ಆಗಲೇ ಸೇರಿರುತ್ತದೆ. ಓದುವ ಕಡೆಯೂ ಹೀಗೆ. ಮುಂದೆ ಬೇಕಾಗಬಹುದು ಎಂದು ಅಂದಾಜು ಮಾಡಿ ಕೋರ್ ಮೊದಲೇ ಓದಿಟ್ಟುಕೊಳ್ಳುತ್ತದೆ.

ಒಂದು ಭರವಸೆ ಮಾತ್ರ ಎಲ್ಲ ಪ್ರೊಸೆಸರಿನಲ್ಲೂ ಇದೆ. ಒಂದು ಕೋರಿಗೆ ತನ್ನ ಕೆಲಸ ಯಾವತ್ತೂ ಕ್ರಮ ತಪ್ಪಿದಂತೆ ಕಾಣುವುದಿಲ್ಲ. ತೊಂದರೆ ಶುರುವಾಗುವುದು ಇನ್ನೊಂದು ಕೋರ್ ನೋಡಿದಾಗ. ಪುಣೆಯ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ 1991ರಲ್ಲಿ ಕಟ್ಟಿದ ಪರಮ್ 8000 ಸೂಪರ್ ಕಂಪ್ಯೂಟರಿನಲ್ಲಿ ಪ್ರತಿ ಪ್ರೊಸೆಸರಿಗೂ ತನ್ನದೇ ಮೆಮೊರಿ ಇತ್ತು. ಅವು ಒಂದಕ್ಕೊಂದು ಸಂದೇಶ ಕಳಿಸಿ ಮಾತಾಡುತ್ತಿದ್ದವು. ಅಲ್ಲಿ ಪ್ರೊಸೆಸರುಗಳ ನಡುವೆ ಈ ಪ್ರಶ್ನೆಗೆ ಜಾಗವೇ ಇರಲಿಲ್ಲ. ಮೆಮೊರಿ ಹಂಚಿಕೊಂಡಾಗ ಮಾತ್ರ ಇದು ಬರುತ್ತದೆ, ಮತ್ತು ಇಂದು ಜೇಬಿನ ಫೋನಿನಲ್ಲೂ ಕೋರ್‌ಗಳು ಮೆಮೊರಿ ಹಂಚಿಕೊಳ್ಳುತ್ತವೆ.

## ಖಾನಾವಳಿಯ ಬೋರ್ಡು

ಅತಿ ಚಿಕ್ಕ ಉದಾಹರಣೆ ಇದು. ಮೊದಲಿಗೆ ಡೇಟಾ, ಫ್ಲ್ಯಾಗ್ ಎರಡೂ 0.

ಕೋರ್ 0: ಡೇಟಾ = 42, ಆಮೇಲೆ ಫ್ಲ್ಯಾಗ್ = 1.
ಕೋರ್ 1: ಫ್ಲ್ಯಾಗ್ ಓದು. ಅದು 1 ಆಗಿದ್ದರೆ ಡೇಟಾ ಓದು.

ಕೋರ್ 1ಕ್ಕೆ ಫ್ಲ್ಯಾಗ್ 1 ಎಂದು ಕಂಡಿತು. ಡೇಟಾ 42 ಸಿಗಲೇಬೇಕು ಅಲ್ವಾ? ಆರ್ಮ್ ಮೇಲೆ 0 ಕೂಡ ಸಿಗಬಹುದು.

ಕೊಥ್ರೂಡಿನ ಕಡೆ ಒಂದು ಜೋಳದ ರೊಟ್ಟಿ ಖಾನಾವಳಿ ಇದೆ ಎಂದುಕೊಳ್ಳಿ. ಒಳಗೆ ಅಡುಗೆಯ ಅಕ್ಕ, ಅವರ ಕೈಕೆಳಗೆ ಇಬ್ಬರು ಹುಡುಗರು. "ನೀ ಎಣ್ಣೆಗಾಯಿ ಪಾತ್ರೆ ಕೌಂಟರಿಗೆ ಒಯ್ಯು. ನೀ ಹೊರಗಿನ ಬೋರ್ಡು ತಿರುಗಿಸು, ಊಟ ತಯಾರ್ ಅಂತ ಕಾಣ್ಲಿ." ಅಕ್ಕ ಹೇಳಿದ್ದು ಸರಿಯಾದ ಕ್ರಮದಲ್ಲೇ. ಆದರೆ ಪಾತ್ರೆ ಹಿಡಿದ ಹುಡುಗನಿಗೆ ದಾರಿಯಲ್ಲಿ ಜನ ಅಡ್ಡ ಸಿಕ್ಕರು. ಬೋರ್ಡಿನ ಹುಡುಗ ಬಾಗಿಲಲ್ಲೇ ಇದ್ದ, ಕೂಡಲೇ ತಿರುಗಿಸಿದ. ಗಿರಾಕಿ ಬೋರ್ಡು ನೋಡಿ ಒಳಗೆ ಬಂದರೆ ಕೌಂಟರ್ ಖಾಲಿ.

ಅಕ್ಕ ಏನು ಮಾಡಬೇಕು? ಪಾತ್ರೆ ಕೌಂಟರಿಗೆ ಮುಟ್ಟಿದ ಮೇಲೆಯೇ ಬೋರ್ಡು ತಿರುಗಬೇಕು ಎಂದು ಕಟ್ಟುನಿಟ್ಟು ಮಾಡಬೇಕು. ಬರೆಯುವ ಕಡೆಯ ಬ್ಯಾರಿಯರ್ ಎಂದರೆ ಇದೇ.

ಇಷ್ಟಕ್ಕೇ ಸಾಲದು. ಬಹಳ ಜನ ಇಲ್ಲೇ ನಿಲ್ಲುತ್ತಾರೆ, ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ. ಗಿರಾಕಿ ಅವಸರದವರು. ಬೋರ್ಡಿನ ಕಡೆ ತಿರುಗುವ ಮೊದಲೇ ಗೆಳೆಯನನ್ನು ತಟ್ಟೆ ತರಲು ಒಳಗೆ ಕಳಿಸಿದರು. ಗೆಳೆಯ ಹೋದಾಗ ಕೌಂಟರ್ ಖಾಲಿ ಇತ್ತು, ಖಾಲಿ ತಟ್ಟೆ ಹಿಡಿದು ಹೊರಟ. ಅಷ್ಟರಲ್ಲಿ ಪಾತ್ರೆ ಬಂತು, ಬೋರ್ಡು ತಿರುಗಿತು. ಗಿರಾಕಿ ಈಗ ಬೋರ್ಡು ನೋಡಿದರು: ಊಟ ತಯಾರ್. ಕೈಗೆ ಬಂದದ್ದು ಖಾಲಿ ತಟ್ಟೆ. ಅಕ್ಕನ ಕಡೆ ಯಾವ ತಪ್ಪೂ ಇಲ್ಲ. ಗಿರಾಕಿಯೂ ಬೋರ್ಡು ನೋಡಿದ ಮೇಲೆಯೇ ಕೌಂಟರಿಗೆ ಹೋಗಬೇಕು. ಓದುವ ಕಡೆಯ ಬ್ಯಾರಿಯರ್ ಎಂದರೆ ಅದು.

ಬ್ಯಾರಿಯರ್ ಜೋಡಿಯಲ್ಲೇ ಕೆಲಸ ಮಾಡುತ್ತದೆ. ಒಂದು ಕಡೆ ಮಾತ್ರ ಇಟ್ಟರೆ ಇಟ್ಟಂತಲ್ಲ. ಈ ಇಡೀ ವಿಷಯದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನೇ ನೆನಪಿಡಿ ಎನ್ನುತ್ತೇನೆ.

ಬ್ಯಾರಿಯರ್ ಹಾಕಿದರೆ ಪಾತ್ರೆ ಬೇಗ ಬರುವುದಿಲ್ಲ ಎಂಬುದನ್ನೂ ಗಮನಿಸಿ. "ಬ್ಯಾರಿಯರ್ ಹಾಕಿದರೆ ಡೇಟಾ ತಕ್ಷಣ ಮೆಮೊರಿಗೆ ಹೋಗುತ್ತದೆ" ಎಂದು ಹೇಳುವವರು ತುಂಬಾ ಜನ. ಅದು ತಪ್ಪು. ಬ್ಯಾರಿಯರ್ ಹೇಳುವುದು ಯಾವುದು ಮೊದಲು, ಯಾವುದು ಆಮೇಲೆ ಎಂದಷ್ಟೇ. ಎಷ್ಟು ಬೇಗ ಎಂದು ಅದು ಹೇಳುವುದಿಲ್ಲ.

## ಲಿನಕ್ಸ್ ಕೊಡುವ ಬ್ಯಾರಿಯರ್‌ಗಳು

ಲಿನಕ್ಸ್ ಕರ್ನಲ್ ಕೋಡಿನಲ್ಲಿ ಕಂಪೈಲರನ್ನು ಮಾತ್ರ ತಡೆಯಲು "ಬ್ಯಾರಿಯರ್" ಎಂಬ ಮ್ಯಾಕ್ರೊ, ಅಂದರೆ ಹೆಸರಿಟ್ಟ ಸಿದ್ಧ ಕೋಡ್ ತುಣುಕು, ಇದೆ. ಅದು ಪ್ರೊಸೆಸರಿಗೆ ಏನೂ ಹೇಳುವುದಿಲ್ಲ. ಒಂದು ಬೆಲೆಯನ್ನು ಒಮ್ಮೆಯೇ, ಸೀಳದೆ ಓದು ಎನ್ನಲು "ರೀಡ್ ಒನ್ಸ್", ಹಾಗೆಯೇ ಬರೆ ಎನ್ನಲು "ರೈಟ್ ಒನ್ಸ್". ಮೇಲೆ ಹೇಳಿದ ಮುಗಿಯದ ಲೂಪಿಗೆ ಮದ್ದು ರೀಡ್ ಒನ್ಸ್.

ಪ್ರೊಸೆಸರಿಗೂ ಸೇರಿ ಹೇಳುವವು ಮೂರು. "ಎಸ್‌ಎಂಪಿ ಡಬ್ಲ್ಯುಎಂಬಿ" ಹಿಂದಿನ ಬರಹಗಳನ್ನು ಮುಂದಿನ ಬರಹಗಳಿಂದ ಬೇರ್ಪಡಿಸುತ್ತದೆ. "ಎಸ್‌ಎಂಪಿ ಆರ್‌ಎಂಬಿ" ಓದುಗಳಿಗೆ ಅದೇ ಕೆಲಸ ಮಾಡುತ್ತದೆ. "ಎಸ್‌ಎಂಪಿ ಎಂಬಿ" ಪೂರ್ತಿ ಬ್ಯಾರಿಯರ್: ಓದು, ಬರಹ ಎರಡನ್ನೂ ಕಟ್ಟಿಹಾಕುತ್ತದೆ, ಎಲ್ಲಕ್ಕಿಂತ ದುಬಾರಿ.

ಹೊಸ ಕೋಡಿನಲ್ಲಿ ಹೆಚ್ಚಾಗಿ ಕಾಣುವುದು ಇನ್ನೊಂದು ಜೋಡಿ. "ಸ್ಟೋರ್ ರಿಲೀಸ್" ಎಂದರೆ ಇದಕ್ಕಿಂತ ಹಿಂದಿನ ಓದು, ಬರಹ ಎಲ್ಲ ಮುಗಿದ ಮೇಲೆಯೇ ಈ ಬೆಲೆ ಬೇರೆಯವರಿಗೆ ಕಾಣಲಿ. "ಲೋಡ್ ಅಕ್ವೈರ್" ಎಂದರೆ ಈ ಬೆಲೆ ಓದಿದ ಮೇಲೆಯೇ ಮುಂದಿನ ಓದು, ಬರಹ ನಡೆಯಲಿ. ಅಕ್ಕನ ಬೋರ್ಡು ರಿಲೀಸ್, ಗಿರಾಕಿಯ ಕಣ್ಣು ಅಕ್ವೈರ್. ಲಾಕ್ ಹಿಡಿಯುವುದರಲ್ಲಿ ಅಕ್ವೈರ್ ಅಡಗಿದೆ, ಬಿಡುವುದರಲ್ಲಿ ರಿಲೀಸ್ ಅಡಗಿದೆ. ಬಿಡಿ ಬ್ಯಾರಿಯರ್‌ಗಿಂತ ಈ ಜೋಡಿ ಒಳ್ಳೆಯದು, ಏಕೆಂದರೆ ಯಾವ ಬೆಲೆಯ ಮೂಲಕ ಮಾತು ನಡೆಯುತ್ತಿದೆ ಎಂಬುದು ಕೋಡಿನಲ್ಲೇ ಕಾಣುತ್ತದೆ.

## ಇಂಟೆಲ್ ಮೇಲೆ ಇಷ್ಟು ದಿನ ಏಕೆ ಕಾಣಲಿಲ್ಲ

ಇಂಟೆಲ್ ಮತ್ತು ಎಎಂಡಿಯ ಎಕ್ಸ್86 ಪ್ರೊಸೆಸರುಗಳು ಕ್ರಮದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಅವುಗಳ ಸ್ಟೋರ್ ಬಫರಿನಿಂದ ಬರಹಗಳು ಸಾಲಾಗಿಯೇ ಹೊರಗೆ ಬರುತ್ತವೆ. ಮೊದಲು ಬರೆದದ್ದು ಮೊದಲು ಕಾಣುತ್ತದೆ. ಓದುಗಳೂ ಕ್ರಮ ತಪ್ಪಿದಂತೆ ಕಾಣುವುದಿಲ್ಲ. ಡೇಟಾ ಮತ್ತು ಫ್ಲ್ಯಾಗ್ ಉದಾಹರಣೆಯಲ್ಲಿ, ಕಂಪೈಲರ್ ಅದಲುಬದಲು ಮಾಡದಿದ್ದರೆ, ಎಕ್ಸ್86 ಮೇಲೆ 0 ಸಿಗುವುದೇ ಇಲ್ಲ. ಅಲ್ಲಿ ಎಸ್‌ಎಂಪಿ ಡಬ್ಲ್ಯುಎಂಬಿ, ಆರ್‌ಎಂಬಿ ಎರಡಕ್ಕೂ ಯಾವ ಪ್ರೊಸೆಸರ್ ಆದೇಶವೂ ಹುಟ್ಟುವುದಿಲ್ಲ, ಕಂಪೈಲರಿಗೆ ಮಾತ್ರ ತಡೆ.

ಅಂದರೆ ಬ್ಯಾರಿಯರ್ ಮರೆತವರ ಕೋಡೂ ಇಂಟೆಲ್ ಮೇಲೆ ಓಡುತ್ತದೆ. ಅದೇ ಕೋಡ್ ಆರ್ಮ್‌ಗೆ ಹೋದರೆ ದೋಷ ಹೊರಗೆ ಬರುತ್ತದೆ. 64 ಬಿಟ್ ಆರ್ಮ್ ಮೇಲೆ ಈ ಬ್ಯಾರಿಯರ್‌ಗಳು ಡಿಎಂಬಿ ಎಂಬ ನಿಜವಾದ ಆದೇಶಗಳಾಗುತ್ತವೆ. ಅಕ್ವೈರ್, ರಿಲೀಸ್‌ಗೆ ಬೇರೆಯೇ ಆದೇಶಗಳಿವೆ. ಐಬಿಎಂನ ಪವರ್ ಕೂಡ ಸಡಿಲ. ಸಿ-ಡ್ಯಾಕ್‌ನ ವೇಗಾ ಪ್ರೊಸೆಸರುಗಳು ಬಳಸುವ ರಿಸ್ಕ್-ಫೈವ್ ಕೂಡ ಮೂಲತಃ ಸಡಿಲ ನಿಯಮವನ್ನೇ ಇಟ್ಟುಕೊಂಡಿದೆ. ಆಪಲ್‌ನವರು ಇಂಟೆಲ್‌ಗೆ ಬರೆದ ಹಳೆಯ ಪ್ರೋಗ್ರಾಮುಗಳನ್ನು ಎಂ1 ಮೇಲೆ ಓಡಿಸಲು ರೊಸೆಟ್ಟಾ 2 ತಂದಾಗ, ಚಿಪ್ಪಿನ ಒಳಗೇ ಎಕ್ಸ್86ರಂಥ ಕ್ರಮ ಕೊಡುವ ಒಂದು ಬಗೆಯನ್ನು ಸೇರಿಸಿದರು. ಹಳೆಯ ಪ್ರೋಗ್ರಾಮುಗಳು ಆ ಕಟ್ಟುನಿಟ್ಟನ್ನು ಎಷ್ಟು ನೆಚ್ಚಿಕೊಂಡಿದ್ದವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

## ಇಂಟೆಲ್ ಕೂಡ ತಪ್ಪುವ ಜಾಗ: ಮಲಗುವವರು, ಎಬ್ಬಿಸುವವರು

ಎಕ್ಸ್86 ಮೇಲೂ ಒಂದು ಬಗೆಯ ಅದಲುಬದಲು ಆಗುತ್ತದೆ. ಒಂದು ಕಡೆ ಬರೆದು, ಆಮೇಲೆ ಬೇರೆ ಕಡೆ ಓದಿದರೆ, ಬರಹ ಇನ್ನೂ ಸ್ಟೋರ್ ಬಫರಿನಲ್ಲಿ ಇರುವಾಗಲೇ ಓದು ಮುಗಿದಿರುತ್ತದೆ. ಕರ್ನಲ್‌ನಲ್ಲಿ ಇದು ಸೀದಾ ಬಡಿಯುವುದು ಕಾಯುವ ಮತ್ತು ಎಬ್ಬಿಸುವ ಕೋಡಿಗೆ. ಸ್ವಲ್ಪ ನಿಧಾನವಾಗಿ ನೋಡೋಣ.

ಒಂದು ಕೆಲಸ, ಅಂದರೆ ಟಾಸ್ಕ್, ಡೇಟಾ ಬರುವವರೆಗೆ ಮಲಗಬೇಕು. ಅದು ಮೊದಲು "ನಾನು ಮಲಗುತ್ತಿದ್ದೇನೆ" ಎಂದು ಬರೆಯುತ್ತದೆ. ಆಮೇಲೆ "ಡೇಟಾ ಬಂದಿದೆಯಾ" ಎಂದು ಕೊನೆಯ ಬಾರಿ ಓದುತ್ತದೆ. ಬಂದಿಲ್ಲದಿದ್ದರೆ ಮಲಗುತ್ತದೆ. ಇನ್ನೊಂದು ಕೋರ್ ಡೇಟಾ ತರುತ್ತದೆ. ಅದು "ಡೇಟಾ ಬಂತು" ಎಂದು ಬರೆಯುತ್ತದೆ. ಆಮೇಲೆ "ಯಾರಾದರೂ ಮಲಗಿದ್ದಾರಾ" ಎಂದು ಓದುತ್ತದೆ. ಇದ್ದರೆ ಎಬ್ಬಿಸುತ್ತದೆ.

ಎರಡೂ ಕಡೆ ಬರಹ ಮೊದಲು, ಓದು ಆಮೇಲೆ. ಈಗ ಎರಡೂ ಬರಹಗಳು ತಮ್ಮ ತಮ್ಮ ಸ್ಟೋರ್ ಬಫರಿನಲ್ಲಿ ಕಾಯುತ್ತಿವೆ ಎಂದುಕೊಳ್ಳಿ. ಮಲಗುವವರು ಓದಿದರು: ಡೇಟಾ ಇಲ್ಲ. ಎಬ್ಬಿಸುವವರು ಓದಿದರು: ಯಾರೂ ಮಲಗಿಲ್ಲ. ಒಬ್ಬರು ಮಲಗಿದರು, ಇನ್ನೊಬ್ಬರು ಎಬ್ಬಿಸದೆ ಹೋದರು. ಡೇಟಾ ಬಂದು ಕೂತಿದೆ, ಟಾಸ್ಕ್ ಮಾತ್ರ ಏಳುವುದೇ ಇಲ್ಲ. ಸಿಸ್ಟಮ್ ಬೀಳುವುದೂ ಇಲ್ಲ. ಒಂದು ಪ್ರೋಗ್ರಾಮ್ ಸುಮ್ನೆ ನಿಂತುಬಿಡುತ್ತದೆ. ದೋಷ ಎಲ್ಲಿದೆ ಎಂಬ ಗುರುತು ಸಾಮಾನ್ಯವಾಗಿ ಲಾಗ್‌ನಲ್ಲಿ ಸಿಗುವುದಿಲ್ಲ.

ಇಲ್ಲಿ ರೈಟ್ ಬ್ಯಾರಿಯರ್ ಸಾಲದು, ರಿಲೀಸ್–ಅಕ್ವೈರ್ ಕೂಡ ಸಾಲದು. ಬರಹವನ್ನು ಅದರ ನಂತರದ ಓದಿನಿಂದ ಬೇರ್ಪಡಿಸುವುದು ಪೂರ್ತಿ ಬ್ಯಾರಿಯರ್ ಮಾತ್ರ. ಅದು ಎರಡೂ ಕಡೆ ಬೇಕು. ಲಿನಕ್ಸ್‌ನ "ಸೆಟ್ ಕರೆಂಟ್ ಸ್ಟೇಟ್" ಒಳಗೆ ಆ ಬ್ಯಾರಿಯರ್ ಮೊದಲೇ ಇದೆ. ಕಾಯಲು ಕರ್ನಲ್ ಕೊಡುವ ಸಿದ್ಧ ಮ್ಯಾಕ್ರೊಗಳನ್ನು ಬಳಸಿದರೆ ಮಲಗುವ ಕಡೆಯ ಚಿಂತೆ ಇಲ್ಲ. ಸಿಕ್ಕಿಬೀಳುವುದು ಎಬ್ಬಿಸುವ ಕಡೆ ವೇಗ ಹೆಚ್ಚಿಸಲು ಹೋದವರು. ಪ್ರತಿ ಬಾರಿ ಎಬ್ಬಿಸುವ ಫಂಕ್ಷನ್ ಕರೆಯುವ ಬದಲು, "ವೇಟ್‌ಕ್ಯೂ ಆಕ್ಟಿವ್" ಎಂದು ಮೊದಲು ಕೇಳಿ, ಯಾರಾದರೂ ಇದ್ದರೆ ಮಾತ್ರ ಎಬ್ಬಿಸೋಣ ಎಂದುಕೊಳ್ಳುತ್ತಾರೆ. ಹಾಗೆ ಕೇಳುವ ಮೊದಲು ಪೂರ್ತಿ ಬ್ಯಾರಿಯರ್ ಇರಬೇಕು ಎಂದು ಕರ್ನಲ್ ಕೋಡಿನಲ್ಲೇ ಆ ಫಂಕ್ಷನ್ ಮೇಲೆ ಎಚ್ಚರಿಕೆ ಬರೆದಿದೆ.

## ರಿಂಗ್ ಬಫರ್: ಮರೆತುಹೋಗುವ ಎರಡನೇ ಜೋಡಿ

ಲಾಕ್‌ಫ್ರೀ ಕೋಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ರಿಂಗ್ ಬಫರ್, ಅಂದರೆ ಕೊನೆ ಮುಟ್ಟಿದರೆ ಮತ್ತೆ ಮೊದಲಿಗೆ ಸುತ್ತುವ ಡೇಟಾ ಸಾಲು. ಒಬ್ಬರು ತುಂಬುತ್ತಾರೆ, ಒಬ್ಬರು ತೆಗೆಯುತ್ತಾರೆ. ತುಂಬುವವರ ಗುರುತು ಹೆಡ್, ತೆಗೆಯುವವರ ಗುರುತು ಟೇಲ್. ತುಂಬುವವರು ಒಬ್ಬರೇ, ತೆಗೆಯುವವರು ಒಬ್ಬರೇ ಆಗಿದ್ದರೆ ಲಾಕ್ ಬೇಡ. ಲಿನಕ್ಸ್‌ನ ಕೆಫೈಫೊ ಹೀಗೇ ಇದೆ.

ಮೊದಲ ಜೋಡಿ ಸುಲಭ. ತುಂಬುವವರು ಡೇಟಾ ಬರೆದು, ಆಮೇಲೆ ಹೆಡ್ ಅನ್ನು ಸ್ಟೋರ್ ರಿಲೀಸ್ ಮೂಲಕ ಮುಂದೆ ಸರಿಸುತ್ತಾರೆ. ತೆಗೆಯುವವರು ಹೆಡ್ ಅನ್ನು ಲೋಡ್ ಅಕ್ವೈರ್ ಮೂಲಕ ಓದಿ, ಆಮೇಲೆ ಡೇಟಾ ಓದುತ್ತಾರೆ. ಡೇಟಾ ಮತ್ತು ಫ್ಲ್ಯಾಗ್ ಉದಾಹರಣೆಯೇ ಇದು.

ಎರಡನೇ ಜೋಡಿ ಹಿಮ್ಮುಖವಾಗಿ ಹೋಗುತ್ತದೆ, ಮತ್ತು ಬಹಳ ಕೋಡಿನಲ್ಲಿ ಬಿಟ್ಟುಹೋಗುವುದು ಇದೇ. ತೆಗೆಯುವವರು ಟೇಲ್ ಮುಂದೆ ಸರಿಸಿದರೆ "ಈ ಜಾಗ ಖಾಲಿ, ಮತ್ತೆ ತುಂಬಬಹುದು" ಎಂದು ಹೇಳಿದ ಹಾಗೆ. ಆದರೆ ಡೇಟಾ ಓದುವುದು ಇನ್ನೂ ಮುಗಿಯದೆ ಟೇಲ್ ಬದಲಾದದ್ದು ಹೊರಗೆ ಕಂಡರೆ? ತುಂಬುವವರು ಅದೇ ಜಾಗಕ್ಕೆ ಹೊಸ ಡೇಟಾ ಬರೆಯುತ್ತಾರೆ. ತೆಗೆಯುವವರ ಕೈಗೆ ಅರ್ಧ ಹಳೆಯದು, ಅರ್ಧ ಹೊಸದು ಬರುತ್ತದೆ. ಅದಕ್ಕೆ ಟೇಲ್ ಕೂಡ ಸ್ಟೋರ್ ರಿಲೀಸ್ ಆಗಬೇಕು. ತುಂಬುವವರ ಕಡೆ ಟೇಲ್ ಓದಿ ಜಾಗ ಇದೆ ಎಂದು ಖಚಿತವಾದ ಮೇಲೆಯೇ ಬರಹ ಆಗಬೇಕು. ಅಲ್ಲಿ ಅಕ್ವೈರ್ ಹಾಕಿದರೆ ಕೋಡ್ ಓದುವವರಿಗೂ ವಿಷಯ ಸ್ಪಷ್ಟ.

ಬಫರ್ ತುಂಬುವುದು ಅಪರೂಪ. ಆದ್ದರಿಂದ ಈ ಎರಡನೇ ತಪ್ಪು ಪರೀಕ್ಷೆಯಲ್ಲಿ ಕಾಣುವುದಿಲ್ಲ. ಟ್ರಾಫಿಕ್ ಜಾಸ್ತಿಯಾದ ದಿನ, ಬಫರ್ ಪೂರ್ತಿ ತುಂಬಿದಾಗ ಮಾತ್ರ ಕಾಣುತ್ತದೆ.

## ಪಾಯಿಂಟರ್ ಮೂಲಕ ಕೊಟ್ಟರೆ

ಒಂದು ಇಡೀ ರಚನೆಯನ್ನು ಸಿದ್ಧ ಮಾಡಿ, ಅದರ ಪಾಯಿಂಟರನ್ನು, ಅಂದರೆ ಅದು ಮೆಮೊರಿಯಲ್ಲಿ ಎಲ್ಲಿದೆ ಎಂಬ ವಿಳಾಸವನ್ನು, ಮಾತ್ರ ಎಲ್ಲರಿಗೂ ಕಾಣುವಂತೆ ಇಡುವುದು ಇನ್ನೊಂದು ದಾರಿ. 2002ರಲ್ಲಿ ಲಿನಕ್ಸ್‌ಗೆ ಸೇರಿದ ಆರ್‌ಸಿಯು (ರೀಡ್-ಕಾಪಿ-ಅಪ್‌ಡೇಟ್) ಎಂಬ ವಿಧಾನ ನಡೆಯುವುದು ಹೀಗೆ. ಓದುವವರಿಗೆ ಲಾಕ್ ಬೇಕಿಲ್ಲ. ಬರೆಯುವವರು "ಆರ್‌ಸಿಯು ಅಸೈನ್ ಪಾಯಿಂಟರ್" ಬಳಸುತ್ತಾರೆ, ಅದರೊಳಗೆ ರಿಲೀಸ್ ಇದೆ. ಓದುವವರು "ಆರ್‌ಸಿಯು ಡಿರೆಫರೆನ್ಸ್" ಬಳಸುತ್ತಾರೆ. ಪಾಯಿಂಟರ್ ಕೈಗೆ ಬಾರದೆ ಅದು ತೋರಿಸುವ ಜಾಗವನ್ನು ಓದಲಾಗದು. ಹಾಗಾಗಿ ಆರ್ಮ್, ಪವರ್ ಮೇಲೂ ಆ ಕ್ರಮ ತಾನಾಗೇ ಉಳಿಯುತ್ತದೆ, ಬ್ಯಾರಿಯರ್ ಖರ್ಚಿಲ್ಲ.

ಇದಕ್ಕೂ ಹೊರತಾದ ಒಂದು ಪ್ರೊಸೆಸರ್ ಇತ್ತು. 1992ರಲ್ಲಿ ಬಂದ ಡೆಕ್ ಕಂಪನಿಯ ಆಲ್ಫಾ. ಅದರ ಮೇಲೆ ಹೊಸ ಪಾಯಿಂಟರ್ ಓದಿ, ಅದು ತೋರಿಸುವ ಜಾಗದಲ್ಲಿ ಹಳೆಯ ಬೆಲೆ ಕಾಣಬಹುದಿತ್ತು. ಅದಕ್ಕಾಗಿಯೇ ಲಿನಕ್ಸ್‌ನಲ್ಲಿ ಬಹಳ ಕಾಲ ಒಂದು ಪ್ರತ್ಯೇಕ ಬ್ಯಾರಿಯರ್ ಇತ್ತು. 2018ರ ಜನವರಿಯಲ್ಲಿ ಬಂದ 4.15 ಆವೃತ್ತಿಯಲ್ಲಿ ಅದನ್ನು ರೀಡ್ ಒನ್ಸ್ ಒಳಗೇ ಸೇರಿಸಿದರು. ಈಗ ಕೋಡ್ ಬರೆಯುವವರು ಆಲ್ಫಾ ಬಗ್ಗೆ ಯೋಚಿಸಬೇಕಿಲ್ಲ.

## ಎಡವುವ ಜಾಗಗಳು

"ಇಫ್ ಎಂಬ ಷರತ್ತು ಇದೆಯಲ್ಲ, ಫ್ಲ್ಯಾಗ್ ನೋಡದೆ ಡೇಟಾ ಹೇಗೆ ಓದುತ್ತದೆ?" ಎಂಬ ಪ್ರಶ್ನೆ ಬಹಳ ಸಲ ಬರುತ್ತದೆ. ಒಳ್ಳೆಯ ಪ್ರಶ್ನೆ. ಪ್ರೊಸೆಸರ್ ಇಫ್‌ನ ಉತ್ತರವನ್ನು ಮೊದಲೇ ಊಹಿಸಿ, ಒಳಗಿನ ಡೇಟಾ ಓದಿಟ್ಟುಕೊಳ್ಳುತ್ತದೆ. ಊಹೆ ಸರಿಯಾದರೆ ಆ ಹಳೆಯ ಓದೇ ಉಳಿಯುತ್ತದೆ. ಊಹೆಯ ಮೇಲೆ ಬರೆದದ್ದನ್ನು ಮಾತ್ರ ಪ್ರೊಸೆಸರ್ ಬೇರೆಯವರಿಗೆ ತೋರಿಸುವುದಿಲ್ಲ. ಆದ್ದರಿಂದ ಇಫ್ ಒಳಗಿನ ಬರಹಕ್ಕೆ ಕ್ರಮ ಸಿಗಬಹುದು, ಒಳಗಿನ ಓದಿಗೆ ಸಿಗುವುದಿಲ್ಲ. ಬರಹದ ವಿಷಯದಲ್ಲೂ ಕಂಪೈಲರ್ ಇಫ್ ಅನ್ನೇ ಅಳಿಸಿಹಾಕುವ ಸಾಧ್ಯತೆ ಇದೆ. ಅಕ್ವೈರ್ ಹಾಕುವುದೇ ಸುಲಭ.

ಅಟಾಮಿಕ್, ಅಂದರೆ ನಡುವೆ ಯಾರೂ ನುಗ್ಗದಂತೆ ಒಂದೇ ಏಟಿಗೆ ಮುಗಿಯುವ ಕೆಲಸ, ಬಳಸಿದರೆ ಕ್ರಮವೂ ಸಿಕ್ಕಿತು ಎಂದು ತಿಳಿಯುವುದು ಇನ್ನೊಂದು. ಲಿನಕ್ಸ್‌ನಲ್ಲಿ ಬೆಲೆ ವಾಪಸ್ ಕೊಡದ "ಅಟಾಮಿಕ್ ಇಂಕ್" ಯಾವ ಕ್ರಮವನ್ನೂ ಕೊಡುವುದಿಲ್ಲ. ಬೆಲೆ ವಾಪಸ್ ಕೊಡುವ "ಅಟಾಮಿಕ್ ಇಂಕ್ ರಿಟರ್ನ್" ಪೂರ್ತಿ ಕ್ರಮ ಕೊಡುತ್ತದೆ. ಎಕ್ಸ್86 ಮೇಲೆ ಎರಡೂ ಪೂರ್ತಿ ಬ್ಯಾರಿಯರಿನಂತೆ ನಡೆದುಕೊಳ್ಳುತ್ತವೆ, ಹಾಗಾಗಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಸಿ ಭಾಷೆಯ "ವೋಲಟೈಲ್" ಎಂಬ ಪದವನ್ನು ನಂಬುವವರೂ ಇದ್ದಾರೆ. ಅದು ಕಂಪೈಲರಿಗೆ ಮಾತ್ರ, ಅದೂ ಅರ್ಧಂಬರ್ಧ. ಪ್ರೊಸೆಸರಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ಡ್ರೈವರ್, ಅಂದರೆ ನೆಟ್‌ವರ್ಕ್ ಕಾರ್ಡಿನಂಥ ಸಾಧನಗಳನ್ನು ನಡೆಸುವ ಕೋಡ್, ಬರೆಯುವವರು ಇನ್ನೊಂದು ಗಮನಿಸಬೇಕು. ಎಸ್‌ಎಂಪಿ ಎಂದು ಶುರುವಾಗುವವು ಕೋರ್ ಮತ್ತು ಕೋರ್ ನಡುವೆ ಮಾತ್ರ. ಒಂದೇ ಕೋರಿಗೆ ಕಟ್ಟಿದ ಕರ್ನಲ್‌ನಲ್ಲಿ ಅವು ಬರೀ ಕಂಪೈಲರ್ ತಡೆಯಾಗಿಬಿಡುತ್ತವೆ. ನೆಟ್‌ವರ್ಕ್ ಕಾರ್ಡ್ ಆಗಲೂ ಅಲ್ಲೇ ಇರುತ್ತದೆ, ಮೆಮೊರಿ ಓದುತ್ತಲೇ ಇರುತ್ತದೆ. ಕಾರ್ಡಿಗೆ ಪ್ಯಾಕೆಟಿನ ವಿಳಾಸ, ಉದ್ದ ಬರೆದು, ಆಮೇಲೆ "ಇದು ಇನ್ನು ನಿನ್ನದು" ಎಂಬ ಬಿಟ್ ಹಾಕುವ ನಡುವೆ ಬೇಕಾದದ್ದು "ಡಿಎಂಎ ಡಬ್ಲ್ಯುಎಂಬಿ". ಕಾರ್ಡಿನ ರಿಜಿಸ್ಟರಿಗೆ ಬರೆಯುವ "ರೈಟ್‌ಎಲ್" ಹಿಂದಿನ ಮೆಮೊರಿ ಬರಹಗಳನ್ನು ಮೊದಲು ಮುಗಿಸುತ್ತದೆ, "ರೈಟ್‌ಎಲ್ ರಿಲ್ಯಾಕ್ಸ್ಡ್" ಮುಗಿಸುವುದಿಲ್ಲ. ವೇಗಕ್ಕೆಂದು ಒಂದರ ಜಾಗದಲ್ಲಿ ಇನ್ನೊಂದು ಹಾಕುವ ಮೊದಲು ಇದನ್ನು ನೋಡಿಕೊಳ್ಳಬೇಕು.

## ಸರಿಯಿದೆ ಎಂದು ತಿಳಿಯುವುದು ಹೇಗೆ

ಓಡಿಸಿ ನೋಡುವುದರಿಂದ ಇಲ್ಲಿ ಪೂರ್ತಿ ಧೈರ್ಯ ಬರುವುದಿಲ್ಲ. ಕೋಟಿ ಸಲ ಸರಿಯಾಗಿ ಓಡಿ ಮರುಸಲ ತಪ್ಪಬಹುದು. ಅದಕ್ಕೇ ಲಿನಕ್ಸ್‌ನವರು ಕ್ರಮದ ನಿಯಮಗಳನ್ನು ಗಣಿತದ ಹಾಗೆ ಬರೆದಿಟ್ಟರು. ಲಿನಕ್ಸ್ ಕರ್ನಲ್ ಮೆಮೊರಿ ಮಾಡೆಲ್ ಎಂಬ ಇದು 2018ರಲ್ಲಿ 4.17 ಆವೃತ್ತಿಯೊಂದಿಗೆ ಕರ್ನಲ್ ಮೂಲಕೋಡಿಗೇ ಸೇರಿತು. ಎರಡು ಮೂರು ಸಾಲಿನ ಚಿಕ್ಕ ಪ್ರೋಗ್ರಾಮನ್ನು, ಅಂದರೆ ಲಿಟ್ಮಸ್ ಟೆಸ್ಟನ್ನು, ಹರ್ಡ್7 ಎಂಬ ಸಾಧನಕ್ಕೆ ಕೊಟ್ಟರೆ ಅದು ಸಾಧ್ಯವಿರುವ ಎಲ್ಲ ಕ್ರಮಗಳನ್ನೂ ನೋಡಿ, ಕೆಟ್ಟ ಫಲಿತಾಂಶ ಎಂದೂ ಬಾರದು ಅಥವಾ ಬರಬಹುದು ಎಂದು ಹೇಳುತ್ತದೆ. ನಾವು ನೋಡಿದ ಡೇಟಾ–ಫ್ಲ್ಯಾಗ್ ಉದಾಹರಣೆ, ಮಲಗುವ–ಎಬ್ಬಿಸುವ ಉದಾಹರಣೆಯ ತಿರುಳು ಎರಡೂ ಅಲ್ಲಿ ಸಿದ್ಧ ಟೆಸ್ಟುಗಳಾಗಿ ಇವೆ. ಹೊಸಬರು ಅವುಗಳಿಂದ ಒಂದು ಬ್ಯಾರಿಯರ್ ತೆಗೆದು ಏನಾಗುತ್ತದೆ ಎಂದು ನೋಡಲಿ. ಇದಕ್ಕಿಂತ ಬೇಗ ಕಲಿಸುವ ದಾರಿ ಇಲ್ಲ ಎಂದು ನನಗನಿಸುತ್ತದೆ.

ಓಡುವ ಕರ್ನಲ್ ಮೇಲೆ ಇಂಥ ದೋಷ ಹುಡುಕಲು ಕೆಸಿಸ್ಯಾನ್ ಎಂಬ ಸಾಧನ ಇದೆ. 2020ರಲ್ಲಿ 5.8 ಆವೃತ್ತಿಯೊಂದಿಗೆ ಬಂತು. ಒಂದು ಕೋರ್ ಮೆಮೊರಿ ಮುಟ್ಟುವಾಗ ಅದನ್ನು ಸ್ವಲ್ಪ ತಡೆದು, ಅಷ್ಟರಲ್ಲಿ ಬೇರೆ ಕೋರ್ ಅದೇ ಜಾಗ ಮುಟ್ಟಿತೇ ಎಂದು ನೋಡುತ್ತದೆ. ಬ್ಯಾರಿಯರ್ ಬಿಟ್ಟುಹೋದ ಕೆಲವು ಬಗೆಗಳನ್ನೂ ಹಿಡಿಯುವ ಶಕ್ತಿ ಅದಕ್ಕೆ ಆಮೇಲೆ ಬಂತು. ಎಲ್ಲವನ್ನೂ ಹಿಡಿಯುವುದಿಲ್ಲ. ಹೀಗಾಗಿ ಇಂಟೆಲ್ ಜೊತೆಗೆ ಒಂದು ಆರ್ಮ್ ಯಂತ್ರದ ಮೇಲೂ ದಿನಾ ಟೆಸ್ಟ್ ಓಡಿಸುವುದು ಒಳ್ಳೆಯದು.

ಇನ್ನುಳಿದದ್ದು ಕಾಮೆಂಟ್. ಬ್ಯಾರಿಯರ್ ಇರುವ ಕಡೆಯೆಲ್ಲ ಅದರ ಜೋಡಿ ಎಲ್ಲಿದೆ, ಯಾವುದರ ನಂತರ ಯಾವುದು ಕಾಣಬೇಕು ಎಂದು ಬರೆಯಬೇಕು. ರಿಂಗ್ ಬಫರಿನ ಟೇಲ್ ಹತ್ತಿರ ಇಷ್ಟು ಸಾಕು: "ತುಂಬುವ ಫಂಕ್ಷನ್ನಿನ ಟೇಲ್ ಅಕ್ವೈರ್ ಜೊತೆ ಜೋಡಿ. ಡೇಟಾ ಓದಿ ಮುಗಿದ ಮೇಲೆಯೇ ಜಾಗ ಖಾಲಿ ಎಂದು ಕಾಣಬೇಕು." ಲಿನಕ್ಸ್‌ಗೆ ಪ್ಯಾಚ್ ಕಳಿಸುವ ಮೊದಲು ಓಡಿಸುವ ಚೆಕ್‌ಪ್ಯಾಚ್ ಸ್ಕ್ರಿಪ್ಟ್, ಕಾಮೆಂಟ್ ಇಲ್ಲದ ಬ್ಯಾರಿಯರ್ ಕಂಡರೆ ಎಚ್ಚರಿಕೆ ಕೊಡುತ್ತದೆ. ಜೋಡಿ ಎಲ್ಲಿದೆ ಎಂದು ಬರೆಯಲು ಕೂತು, ಅದು ಯಾವ ಫೈಲಿನಲ್ಲೂ ಸಿಗದಿದ್ದರೆ, ಆರ್ಮ್ ಮೇಲೆ ಬೀಳುವ ಕೋಡಿನಲ್ಲಿ ಮೊದಲು ತಿದ್ದಬೇಕಾದ ಜಾಗ ಅದೇ.